ತಿಳಿಹಸಿರು ಗೋಡೆ

ಮಹಡಿಯ ಬಚ್ಚಲು ಅಗೆದು ಸೋರುವ ಪೈಪು ಬದಲಿಸಲು ಒಂಬತ್ತು ಸಾವಿರ. ಕೆಳಗೆ ತಂಗಿಯ ಕೋಣೆಯ ಗೋಡೆಗೆ ಬಣ್ಣ ಬಳಿಯಲು ಸಾವಿರದಿನ್ನೂರು. ಅಣ್ಣ ಬಣ್ಣ ಬಳಿಸಿದ್ದ.

ತಂಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಬ್ಬಿಣದ ಸಟ್ಟುಗದಿಂದ ಆ ತಿಳಿಹಸಿರು ಬಣ್ಣವನ್ನು ಹೆರೆಯುತ್ತಿದ್ದಳು. ಆಸ್ಪತ್ರೆಗೆ ಗಂಡನ ಬಟ್ಟೆ ಒಯ್ಯಲು ಬಂದವಳು ಯಾಕೋ ಮಂಚ ಎಳೆದು ನೋಡಿದ್ದಳು. ಅವನು ತಲೆಯಿಡುತ್ತಿದ್ದ ಕಡೆಯೇ ಗೋಡೆ ಬೊಬ್ಬೆ ಎದ್ದಿತ್ತು. ಸಟ್ಟುಗ ತಾಗಿದರೆ ಸಾಕು, ಅಂಗೈಯಗಲ ಕಳಚಿ ಬೀಳುತ್ತಿತ್ತು. ಹಿಂದೆ ಕಪ್ಪು ಬೂಷ್ಟು, ನೆನೆದ ಬೆಕ್ಕಿನ ಮೈಯಂತೆ.

ಸದ್ದು ಕೇಳಿ ಅಣ್ಣ ಇಳಿದು ಬಂದ. "ಏನೇ ಇದು? ಬಾಡಿಗೆ ಇಲ್ಲದ ಮನೆ ಅಂತ ಕೆಡವ್ತಿದ್ದೀಯಾ?"

ಬಣ್ಣ ಬಳಿಸಿದ ಮೇಲೆ ಅವಳು ಬಾಯಿ ಮುಚ್ಚಿಕೊಂಡಿದ್ದದ್ದು ಆ ಬಾಡಿಗೆಯ ಮಾತಿಗೇ.

"ಪೈಪು ರಿಪೇರಿ ಮಾಡಿಸು ಅಂದೆ. ಕಿಡ್ನಿ ಹಾಕಿಸಿಕೊಂಡವರು ಮಲಗೋ ಕೋಣೇಲಿ ತೇವ ಇರಬಾರದಂತೆ ಅಂತ ಬೇಡಿಕೊಂಡೆ, ಕಾಲು ಹಿಡಿಯೋದೊಂದು ಬಾಕಿ ಇತ್ತು."

"ಆಪರೇಷನ್ ಮುಗಿಸಿ ಭಾವ ಬರ್ತಾರೆ ಅಂತ ಅವರಿಗಿಷ್ಟದ ಬಣ್ಣ ಹಚ್ಚಿಸಿದೆನಲ್ಲೇ!"

"ಹೌದು, ಬೂಷ್ಟಿಗೆ ಹೊದಿಕೆ ಹೊದಿಸಿದೆ."

"ಭಾವನ ಎದೆಗೆ ಆ ಫಂಗಸ್ಸು ಎಲ್ಲಿಂದ ಬಂತೋ, ಡಾಕ್ಟರಿಗೇ ಗೊತ್ತಿಲ್ವಂತೆ. ನಾನೂ ಇದೇ ಗಾಳಿ ಕುಡೀತೀನಿ. ನಂಗೇನಾಗಿದೆ?"

"ನಿಂಗೇನಾಗುತ್ತೆ! ನಿನ್ನ ಮೈ ಎದುರು ನಿಂತು ಹೊಡೆದಾಡುತ್ತೆ. ನಾನು ಕೊಟ್ಟ ಕಿಡ್ನಿ ಜೊತೆ ಜಗಳ ಆಡಬಾರದು ಅಂತ ಅವರ ಮೈನ ಮಾತ್ರೆ ಕೊಟ್ಟು ಕಟ್ಟಿಹಾಕಿದಾರೆ. ಈ ಬೂಷ್ಟು ಶ್ವಾಸಕೋಶಕ್ಕೆ ಹೊಕ್ಕಿದೆ. ಈಗ ಆ ಮಾತ್ರೆ ನಿಲ್ಲಿಸ್ತಾರಂತೆ. ನಿಲ್ಲಿಸಿದರೆ ಕಿಡ್ನಿ ಹೋಗಬಹುದು, ನಿಲ್ಲಿಸದಿದ್ದರೆ ಅವರೇ ಹೋಗಬಹುದು. ನಿಲ್ಲಿಸಿ ಅಂತ ಬೆಳಗ್ಗೆ ಸಹಿ ಹಾಕಿ ಬಂದೆ."

ಅಣ್ಣ ಗೋಡೆ ನೋಡಿದ. "ಪ್ಲಂಬರ್‌ನ ಇವತ್ತೇ ಕರೆಸ್ತೀನಿ."

"ಕರೆಸು. ಬರೋ ಬಾಡಿಗೆದಾರರಿಗೆ ಅನುಕೂಲ ಆಗುತ್ತೆ."

ಅವಳು ಸಟ್ಟುಗವನ್ನು ಅವನ ಕೈಗಿಟ್ಟಳು. ಅಂಗಿಗಳ ಚೀಲ ಎತ್ತಿಕೊಳ್ಳುವಾಗ ಪಕ್ಕೆಯ ಹಳೆಯ ಹೊಲಿಗೆ ಚುಳ್ಳೆಂದಿತು. ಮಹಡಿಯಲ್ಲಿ ಅತ್ತಿಗೆ ನಲ್ಲಿ ತಿರುಗಿಸಿದಳು. ಹೆರೆದ ಜಾಗದಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಗೋಡೆಗುಂಟ ಇಳಿಯಿತು.

ಕೆಲವು ವಾರಗಳ ಮೇಲೆ ಗಂಡ ಆಸ್ಪತ್ರೆಯಿಂದ ನಡೆದುಕೊಂಡೇ ಹೊರಬಂದ; ಹೋದದ್ದು ಬೇರೆ ಬೀದಿಯ ಒಂದೇ ಕೋಣೆಯ ಮನೆಗೆ. ಅವಳ ಕಿಡ್ನಿ ಅವನಲ್ಲಿ ಉಳಿಯಲಿಲ್ಲ.