ಕೋಟಿನೊಳಗಿನ ಗರಗಸ

ನಾನು ಒಂದು ಗರಗಸ. ಮರ ಕೊಯ್ಯುವ ಜಾತಿಯದಲ್ಲ, ಮನುಷ್ಯರ ಎಲುಬು ಕೊಯ್ಯುವ ಜಾತಿಯದು. ಇದನ್ನು ಕೇಳಿದ ಕೂಡಲೇ ನೀವು ಮುಖ ಸಿಂಡರಿಸಿರುತ್ತೀರಿ. ನನ್ನನ್ನು ನೋಡಿದವರೆಲ್ಲ ಹಾಗೇ ಮಾಡುತ್ತಾ ಬಂದಿದ್ದಾರೆ. ನನಗೇನೂ ಬೇಜಾರಿಲ್ಲ. ಸುಳ್ಳೇಕೆ, ಸ್ವಲ್ಪ ಇದೆ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ಚಾಕು ಕತ್ತರಿ ಮಾಡುವ ಒಬ್ಬ ಮುಂಗೋಪಿಯ ಕುಲುಮೆಯಲ್ಲಿ ಹುಟ್ಟಿದೆ. ಅವನು ನನ್ನ ಹಲ್ಲುಗಳನ್ನು ಒಂದೊಂದಾಗಿ ಅರದಲ್ಲಿ ಉಜ್ಜಿ, ಕರಿಮರದ ಹಿಡಿ ಹಾಕಿ, ಅಂಗಡಿಯ ಕಿಟಕಿಯಲ್ಲಿ ನೇತುಹಾಕಿದ. ಕೊಂಡವನು ಹೆಕ್ಟರ್ ಗಾರ್ವಿ. ಆಗಷ್ಟೇ ಶಸ್ತ್ರಚಿಕಿತ್ಸೆ ಕಲಿತು ಯುದ್ಧದ ಹಡಗಿನಲ್ಲಿ ಕೆಲಸ ಹಿಡಿದಿದ್ದ. ಕೈ ಉದ್ದ, ಮಾತು ಕಡಿಮೆ.

ನೋವು ತಿಳಿಯದಂತೆ ಮಾಡುವ ಮದ್ದು ಇನ್ನೂ ಬಾರದ ಕಾಲ ಅದು. ರೋಗಿಗೆ ಒಂದು ಗುಟುಕು ರಮ್, ಕಚ್ಚಿಕೊಳ್ಳಲು ಒಂದು ಚರ್ಮದ ತುಂಡು, ಅಷ್ಟೇ. ತಣ್ಣನೆಯ ಕಬ್ಬಿಣವಾದರೂ ತಾಗದಿರಲಿ ಎಂದು ಗಾರ್ವಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಕೋಟಿನೊಳಗೆ ಎದೆಗೆ ಒತ್ತಿಕೊಂಡು ಬೆಚ್ಚಗೆ ಮಾಡುತ್ತಿದ್ದ. ಅವನ ಕೈ ಎಂದೂ ನಡುಗಿದ್ದಿಲ್ಲ. ಎದೆ ಮಾತ್ರ ಪ್ರತಿ ಸಲವೂ ಡವಡವ ಹೊಡೆದುಕೊಳ್ಳುತ್ತಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ.

ಹಡಗಿನಲ್ಲಿ ಒಂದು ಕಟ್ಟಳೆಯಿತ್ತು. ಯುದ್ಧದಲ್ಲಿ ಗಾಯಗೊಂಡವರನ್ನು ಕೆಳಗೆ ಹೊತ್ತು ತಂದ ಸರದಿಯಲ್ಲೇ ನೋಡಬೇಕು. ಕಪ್ತಾನನಿಗೂ ಅದೇ, ಅಡುಗೆಯವನಿಗೂ ಅದೇ. ಗಾರ್ವಿಯ ತಮ್ಮ ಲಾಕ್ಲನ್ ಅದೇ ಹಡಗಿನಲ್ಲಿ ನಾವಿಕ. ಒಂದು ದಿನ ಫಿರಂಗಿ ಗುಂಡು ಅವನ ಕಾಲನ್ನು ನುಜ್ಜುಗುಜ್ಜು ಮಾಡಿತು. ಅವನನ್ನು ತಂದಾಗ ಮುಂದೆ ಇನ್ನೂ ಕೆಲವರಿದ್ದರು. ಗಾರ್ವಿ ತಲೆಯೆತ್ತಿ ನೋಡಿದ. ರಕ್ತ ನಿಲ್ಲಲೆಂದು ತಮ್ಮನ ತೊಡೆಗೆ ಪಟ್ಟಿ ಬಿಗಿಯಲು ಹೇಳಿದ. ಮೇಜಿನ ಬಳಿಯಿಂದ ಕದಲಲಿಲ್ಲ.

"ನನ್ನ ಸರದಿ ಬರಲಿ ಬಿಡಣ್ಣ," ಎಂದ ಲಾಕ್ಲನ್.

ಸರದಿ ಬಂದಾಗ ಅವನಲ್ಲಿ ಉಸಿರಿರಲಿಲ್ಲ. ಗಾರ್ವಿ ತಮ್ಮನ ಕಣ್ಣು ಮುಚ್ಚಿ, ಮುಂದಿನವನನ್ನು ತರಲು ಹೇಳಿದ.

ಯುದ್ಧ ಮುಗಿದ ಮೇಲೆ ಅವನು ಬೆಸ್ತರ ಒಂದು ಊರಿನಲ್ಲಿ ಮನೆ ಮಾಡಿದ. ಲಾಕ್ಲನ್‌ನ ಹೆಂಡತಿ ಮೊರಾಗ್, ಬೇರೆ ಗತಿಯಿಲ್ಲದೆ, ಅಲ್ಲಿಗೇ ಬಂದಳು. ಗಂಡ ಸತ್ತ ಬಗೆಯನ್ನು ನಾವಿಕರು ಅವಳಿಗೆ ಹೇಳಿಬಿಟ್ಟಿದ್ದರು. ಅಡುಗೆ ಮಾಡಿದಳು, ಕೋಟು ಒಗೆದಳು, ಮಾತು ಮಾತ್ರ ಆಡಲಿಲ್ಲ. ಉಪ್ಪು ಬೇಕೇ ಎಂದು ಬೆಕ್ಕನ್ನು ಕೇಳುತ್ತಿದ್ದಳು. ಅವನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದ. ಆ ಮನೆಯಲ್ಲಿ ಎಲ್ಲವೂ ತಿಳಿದಿದ್ದದ್ದು ಬೆಕ್ಕಿಗೆ. ನನ್ನನ್ನಂತೂ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಊರಿನಲ್ಲೂ ಗಾರ್ವಿ ನನ್ನನ್ನು ಎದೆಗೊತ್ತಿ ಬೆಚ್ಚಗೆ ಮಾಡುವುದನ್ನು ಬಿಡಲಿಲ್ಲ, ಸರದಿಯನ್ನೂ ತಪ್ಪಿಸಲಿಲ್ಲ. ಮೀನು ಮಾರುವವಳ ಹಿಂದೆ ಜಮೀನುದಾರನೂ ಕಾಯಬೇಕಿತ್ತು. ಹಾಗೆ ಕಾಯಿಸಿದಾಗಲೆಲ್ಲ ಅವನು ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದ. ಮೊರಾಗ್ ತನ್ನೊಡನೆ ಒಂದು ಮಾತಾಡಲಿ, ಬೈದರೂ ಸರಿ, ಅದೊಂದೇ ಅವನ ಆಸೆ. ಅವನ ಕೂದಲು ನರೆಯಿತು, ನನ್ನ ಹಿಡಿ ಸವೆಯಿತು, ಆ ಮಾತು ಬರಲಿಲ್ಲ.

ಕೊನೆಗೆ ಅವನ ಕಾಲೇ ಕೊಳೆಯತೊಡಗಿತು. ಕತ್ತರಿಸದೆ ವಿಧಿಯಿಲ್ಲವೆಂದು ತಾನೇ ತೀರ್ಮಾನಿಸಿ, ಪಕ್ಕದೂರಿನ ವೈದ್ಯ ಟುಲ್ಲಕ್‌ಗೆ ಹೇಳಿಕಳಿಸಿದ. ಟುಲ್ಲಕ್ ಬರುವುದರೊಳಗೆ, ಕೈ ಜಜ್ಜಿಹೋದ ಒಬ್ಬ ದೋಣಿಯವನು ಗಾರ್ವಿಯನ್ನೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ಕೂತಿದ್ದ. ಟುಲ್ಲಕ್ ಬಂದೊಡನೆ, ಮೊದಲು ಅವನನ್ನು ನೋಡಿ ಎಂದ ಗಾರ್ವಿ, ಜ್ವರದಲ್ಲೇ.

ಮೊರಾಗ್ ಅಡುಗೆಮನೆಯಿಂದ ಹೊರಗೆ ಬಂದಳು.

"ಅವನು ಕಾಯಲಿ. ಮೊದಲು ನಮ್ಮ ಭಾವನನ್ನು ನೋಡಿ."

ಬೆಕ್ಕಿಗೆ ಹೇಳಿದ್ದಲ್ಲ, ವೈದ್ಯನಿಗೆ ಹೇಳಿದ್ದು. ಗಾರ್ವಿಯ ಕಣ್ಣು ತುಂಬಿತು.

"ಬೇಡಮ್ಮ. ಅವನಿಗೆ ರಕ್ತ ನಿಂತಿಲ್ಲ. ನನ್ನ ಸರದಿ ಬರಲಿ," ಎಂದ.

ಟುಲ್ಲಕ್ ತನ್ನ ಪೆಟ್ಟಿಗೆ ಹಿಡಿದು ದೋಣಿಯವನ ಕಡೆ ಹೋದ. ಮೊರಾಗ್ ಗಾರ್ವಿಯ ಪೆಟ್ಟಿಗೆ ತೆರೆದಳು. ಆಮೇಲೆ ನನ್ನನ್ನು ಎತ್ತಿಕೊಂಡಳು. ತನ್ನ ಶಾಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಅವನ ಹಾಸಿಗೆಯ ಪಕ್ಕ ಕೂತಳು. ಅವಳ ಎದೆಯೂ ಹಾಗೇ ಹೊಡೆದುಕೊಳ್ಳುತ್ತಿತ್ತು.

"ಬೆಚ್ಚಗೆ ಮಾಡ್ತಿದ್ದೀನಿ, ಭಾವ," ಎಂದಳು.

ಅವನು ತಲೆಯಾಡಿಸಿದ. ಟುಲ್ಲಕ್ ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊರಾಗ್ ಮಾತ್ರ ನನ್ನನ್ನು ಕೆಳಗಿಡಲಿಲ್ಲ.

ಈಗ ನಾನು ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಇಲ್ಲಿ ಸದಾ ಥಂಡಿ. ಬಂದವರು ನನ್ನ ಹಲ್ಲು ನೋಡಿ ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. 'ಎಲುಬಿನ ಗರಗಸ, ಹದಿನೆಂಟನೇ ಶತಮಾನ' ಎಂದು ಚೀಟಿ ಅಂಟಿಸಿದ್ದಾರೆ. ನನ್ನನ್ನು ಎದೆಗೊತ್ತಿಕೊಂಡವರು ಇಬ್ಬರಿದ್ದರು ಎಂದು ಅದರಲ್ಲಿ ಬರೆದಿಲ್ಲ.