ಗಿರಣಿಯ ಬದಿಯ ಹಾದಿ

ಹುಟ್ಟಿ ವಾರವಾದ ಮೊಮ್ಮಗಳನ್ನು ನೋಡಿ ಮಗಳ ಮನೆಯಿಂದ ಹೊರಬಿದ್ದರೆ, ಬಸ್ಸು ಕಣ್ಣೆದುರೇ ಹೊರಟುಹೋಯಿತು. ಆಲೀಡಾಗೆ ಪೀಕಲಾಟಕ್ಕಿಟ್ಟುಕೊಂಡಿತು. ವಿಚ್ಛೇದನವಾಗಿ ವರ್ಷಗಳೇ ಕಳೆದ ಗಂಡನ ಪಕ್ಕ, ಮುಂದಿನ ಬಸ್ಸು ಬರುವತನಕ ಬೆಂಚಿನ ಮೇಲೆ ಕೂತು ಏನು ಮಾತಾಡುವುದು? ಒಳಗೆ ಇಬ್ಬರೂ ನಗುನಗುತ್ತಾ, ಹೆಣ್ಣುಮಗು ಹುಟ್ಟಿದ ಸಂಭ್ರಮಕ್ಕೆ ಕೊಡುವ, ಗುಲಾಬಿ ಬಣ್ಣದ ಸೋಂಪು ಮಿಠಾಯಿ ಉದುರಿಸಿದ ರಸ್ಕ್ ತಿಂದಿದ್ದರು. ಆ ನಗು ಮಗಳಿಗೋಸ್ಕರ.

"ಕಾಲುವೆ ಏರಿ ಮೇಲೆ ನಡೆದ್ರೆ ಮುಂದಿನ ಊರಲ್ಲಿ ಬಸ್ ಸಿಗುತ್ತೆ. ಬರ್ತೀಯಾ?" ಎಂದ ಹಾರ್ಮನ್.

"ಹೊಸ ಶೂ ಹಾಕ್ಕೊಂಡ್ ಬಂದಿದೀನಿ ಮಾರಾಯ," ಎಂದು ಗೊಣಗಿದಳು. ಆದರೂ ಹೊರಟಳು.

ಹಾದಿ ಕಿರಿದು. ಅವನು ಮುಂದೆ, ಇವಳು ಹಿಂದೆ. ಎರಡೂ ಬದಿ ಹುಲ್ಲುಗಾವಲು, ದೂರದಲ್ಲಿ ಹಳೆಯ ಗಾಳಿಗಿರಣಿ. ಅದನ್ನು ಓಡಿಸುವುದು ಶನಿವಾರ ಮಾತ್ರ; ಅಂದು ಶನಿವಾರವಾದ್ದರಿಂದ ರೆಕ್ಕೆಗಳು ತಿರುಗುತ್ತಿದ್ದವು. ಒಂದು ಕಡೆ ಹೆಬ್ಬಾತೊಂದು ಕತ್ತು ಚಾಚಿ ಬುಸುಗುಟ್ಟಿದ್ದೇ ತಡ, ಹಾರ್ಮನ್ ಸರಕ್ಕನೆ ಅವಳ ಬೆನ್ನ ಹಿಂದೆ ಸೇರಿಕೊಂಡ.

"ಅಜ್ಜ ಆದ್ರೂ ಬಾತಿನ ಭಯ ಹೋಗ್ಲಿಲ್ವಾ?"

"ಅದಕ್ಕೇನು ಗೊತ್ತು ನಾನು ಅಜ್ಜ ಅಂತ?"

ಅವಳು ಕೈಚೀಲ ಬೀಸಿ ಹಕ್ಕಿಯನ್ನು ಅಟ್ಟಿದಳು. ಅವನು ಮತ್ತೆ ಮುಂದಾದಾಗ ಎಡಗಾಲು ಎಳೆಯುತ್ತಿರುವುದು ಕಂಡಿತು.

"ಕಾಲಿಗೇನಾಯ್ತು?"

"ಚಳಿಗಾಲದಲ್ಲಿ ಸೊಂಟದ ಆಪರೇಷನ್ ಆಯ್ತು. ಮಗಳಿಗೆ ಹೇಳ್ಬೇಡ, ಬಸುರಿ ಹೆಂಗಸು ಗಾಬರಿ ಆಗ್ತಾಳೆ ಅಂತ ಆಗ ಹೇಳಿರ್ಲಿಲ್ಲ."

"ಯಾರು ನೋಡ್ಕೊಂಡ್ರು?"

"ಪಕ್ಕದ ಮನೆಯೋರು ಸೂಪ್ ತಂದ್ಕೊಡ್ತಿದ್ರು."

"ನಂಗಾದ್ರೂ ಒಂದು ಫೋನ್ ಮಾಡ್ಬಾರ್ದಿತ್ತಾ?"

"ಯಾವ ಮುಖ ಇಟ್ಕೊಂಡು ಮಾಡ್ಲಿ, ಆಲೀಡಾ?"

ಅವನು ಒಂಟಿಯಾಗಿ ನರಳಲಿ ಎಂದು ಅವಳೇ ಎಷ್ಟೋ ಸಲ ಹಾರೈಸಿದ್ದಳು. ಹಾರೈಕೆ ಫಲಿಸಿ ಕಣ್ಣೆದುರು ಕುಂಟುತ್ತಿದ್ದರೆ ಸಂತೋಷವೇನೂ ಆಗಲಿಲ್ಲ.

ಗಿರಣಿಯ ಗೋಡೆಗೊರಗಿದ ಬೆಂಚಿನ ಮೇಲೆ ಅವನನ್ನು ಬಲವಂತವಾಗಿ ಕೂರಿಸಿದಳು. ಒಳಗೆ ಕಲ್ಲು ಗುರುಗುಡುತ್ತಿತ್ತು, ಹಸಿ ಹಿಟ್ಟಿನ ವಾಸನೆ. ರೆಕ್ಕೆಗಳ ನೆರಳು ಇಬ್ಬರ ಮೊಣಕಾಲ ಮೇಲೂ ಹಾದುಹೋಗುತ್ತಿತ್ತು.

"ನಾನು ಹೊರಟಾಗ ನಿಲ್ಲು ಅಂತ ನೀನು ಒಂದ್ಸಲನೂ ಅನ್ಲಿಲ್ಲ," ಎಂದ ಅವನು, ತಪ್ಪು ಹೊರಿಸುವ ದನಿಯಲ್ಲಲ್ಲ.

"ಅಂದಿದ್ರೆ ನಿಲ್ತಿದ್ಯಾ?"

ಅವನು ನೋಯುವ ಕಾಲನ್ನು ನೀವಿಕೊಂಡ. "ಇಲ್ಲ ಅನ್ಸುತ್ತೆ."

ಅವಳು ನಿಟ್ಟುಸಿರು ಬಿಟ್ಟಳು. ಅಂದು ತಡೆಯಬೇಕಿತ್ತೇನೋ ಎಂಬ ಮುಳ್ಳು ಇಷ್ಟು ವರ್ಷ ಅವಳನ್ನು ಚುಚ್ಚುತ್ತಲೇ ಇತ್ತು. ಸುಳ್ಳು ಹೇಳದೆ ಅದನ್ನು ಕಿತ್ತುಹಾಕಿದ್ದ ಈ ಮನುಷ್ಯ.

"ಏಳು, ತೋಳು ಹಿಡ್ಕೋ," ಎಂದಳು. ಹಾದಿ ಇಬ್ಬರಿಗೆ ಸಾಲದಿದ್ದರೂ, ಅವಳು ಹುಲ್ಲಿನ ಮೇಲೆ ಹೊಸ ಶೂ ಕೆಸರು ಮಾಡಿಕೊಂಡು ಜೊತೆಯಲ್ಲೇ ನಡೆದಳು.

ಬಸ್ಸಿನಲ್ಲಿ ಅವನು ತೂಕಡಿಸಿದ. ಅವನ ಊರು ಬಂದಾಗ ಅವಳೇ ಎಬ್ಬಿಸಿ ಇಳಿಸಿದಳು. ಕೆಳಗೆ ನಿಂತ ಅವನು ನಿದ್ದೆಗಣ್ಣಲ್ಲಿ ಬೇರೆ ಯಾರದೋ ಕಿಟಕಿಗೆ ಕೈಬೀಸತೊಡಗಿದ. ಅವನು ತನ್ನ ಕಡೆ ತಿರುಗುವವರೆಗೂ ಆಲೀಡಾ ಗಾಜು ಬಡಿದಳು.