ತೊಳೆಯದೆ ಇಟ್ಟ ಪಿಸ್ಟನ್ನುಗಳು

ಮೆಕ್ಯಾನಿಕ್ ದುರುಗೇಶ್ ತೊಳೆದು ಒರೆಸಿಕೊಟ್ಟ ತಮ್ಮ ಕಾರಿನ ಪಿಸ್ಟನ್ನನ್ನು ಬಸವಾಪಟ್ಟಣದ ಬೆನಕಪ್ಪ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ತಲೆಯ ಮೇಲೆ ಐವತ್ತು ಎಂಬ ಅಂಕಿ ಒತ್ತಿತ್ತು.

"ಐವತ್ತು ಅಂದ್ರೆ ಏನು? ಅರ್ಧ ಸವೆದಿದ್ದು ಅಂತಾನಾ?"

"ಅಲ್ಲ ಯಜಮಾನ್ರೆ, ಅದು ಅಳತೆ. ಹಳೇ ಸಿಲಿಂಡರು ಸವೆದಾಗ ಅರ್ಧ ಎಂಎಂ ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕಂಗೆ ಈ ದಪ್ಪ ಪಿಸ್ಟನ್ ಹಾಕ್ತಾರೆ. ಹೊಸದು ತರಿಸಾಕೆ ಒಳಗೆ ಯಾವುದೈತೆ ಅಂತ ಗೊತ್ತಾಗ್ಬೇಕಲ್ರಿ."

ಬೆನಕಪ್ಪನವರು ನಂಬಲಿಲ್ಲ. ಎರಡು ವರ್ಷದ ಹಿಂದೆ ಈ ಎಂಜಿನ್ನಿನ ಕೆಲಸ ಮಾಡಿದ್ದು ಹೊನ್ನಾಳಿಯಲ್ಲಿ ಗ್ಯಾರೇಜು ಇಟ್ಟಿರುವ ಅವರ ತಂಗಿಯ ಮಗ ಪ್ರವೀಣ್ ಕುಮಾರ್. "ಮಾವ, ಸಿಲಿಂಡರು ಇರೋ ಬ್ಲಾಕೇ ಹೊಸದು ಹಾಕಿದೀನಿ, ಕಂಪನಿ ಅಳತೆ ಪಿಸ್ಟನ್ನು" ಎಂದಿದ್ದ. ನಿನ್ನೆ ನಲ್ಲೂರಿನ ಹತ್ತಿರ ಕಾರು ಹೊಗೆಯುಗುಳಿ ನಿಂತಿತು. ಎಳೆಸಿಕೊಂಡು ಚನ್ನಗಿರಿಗೆ ತಂದಾಗ ತೆರೆದಿದ್ದುದು ಇದೊಂದೇ ಗ್ಯಾರೇಜು. ದುರುಗೇಶನ ಊರು, ಕೇರಿ ಎಲ್ಲ ವಿಚಾರಿಸಿಕೊಂಡ ಮೇಲೆ ಅವನು ತರಿಸಿದ ಚಹಾ ಬೇಡವೆಂದಿದ್ದರು. ಇವತ್ತು ಅವರು ಬರುವಷ್ಟರಲ್ಲಿ ಎಂಜಿನ್ ಬಿಚ್ಚಿಯಾಗಿತ್ತು. ಹೊಸ ಸಾಮಾನು ತೆಗೆದು ಹಳೆಯದನ್ನು ಇಟ್ಟಿದ್ದರೆ ನೋಡಿದವರು ಯಾರು? ಅವರ ಅನುಮಾನಕ್ಕೆ ಸಾಕ್ಷಿ ಬೇಕಿರಲಿಲ್ಲ, ಕೇರಿಯ ಹೆಸರೇ ಸಾಕಾಗಿತ್ತು.

ಅಡಿಕೆ ವ್ಯಾಪಾರದ ಗೆಳೆಯ ಮಲ್ಲಿಕಾರ್ಜುನಪ್ಪನ ಪಿಕಪ್ ಗಾಡಿಯೂ ಅಲ್ಲೇ ರಿಪೇರಿಗೆ ನಿಂತಿತ್ತು. ಬೆನಕಪ್ಪ ಫೋನು ತೆಗೆದು, ದುರುಗೇಶನಿಗೆ ಕೇಳುವಂತೆಯೇ ಹೇಳಿದರು: "ನಿನ್ನ ಗಾಡಿ ಇಲ್ಲಿಂದ ಎತ್ತಿಸು. ಸಾಮಾನು ಬದಲಾಯಿಸೋ ಜಾಗ ಇದು. ನಮ್ಮೋರ ಹತ್ರ ಹೋಗಿದ್ರೆ ಹಿಂಗಾಗ್ತಿರಲಿಲ್ಲ."

ದುರುಗೇಶನ ಮುಖ ಸಣ್ಣದಾಯಿತು. ಗ್ಯಾರೇಜು ತೆರೆದು ಎಂಟೇ ತಿಂಗಳು. ಇಂಥ ಮಾತು ಒಮ್ಮೆ ಅಡಿಕೆ ಮಂಡಿಯಲ್ಲಿ ಹಬ್ಬಿದರೆ ಬಾಗಿಲು ಹಾಕುವುದೊಂದೇ ದಾರಿ. ಆದರೂ ಅವನು ದನಿ ಏರಿಸಲಿಲ್ಲ. ಮಸಿ ಹತ್ತಿ ಕಪ್ಪಾಗಿದ್ದ ಉಳಿದ ಮೂರು ಪಿಸ್ಟನ್ನುಗಳನ್ನು ತಟ್ಟೆಯಲ್ಲಿ ತಂದಿಟ್ಟು, ಕೆರೆಯಲು ಒಂದು ತಗಡಿನ ಚೂರು ಕೊಟ್ಟ.

"ನಿಮಗೆ ಬೇಕಾದ್ದು ಆರಿಸಿಕೊಂಡು ನೀವೇ ಕೆರೀರಿ. ನಾನು ಮುಟ್ಟಲ್ಲ."

ಬೆನಕಪ್ಪ ಬೇಕೆಂದೇ ನಡುವಿನದನ್ನು ಎತ್ತಿಕೊಂಡರು. ಮಸಿ ಗಟ್ಟಿಯಾಗಿ ಕಚ್ಚಿತ್ತು. ಬೆವರು ಒರೆಸಿಕೊಳ್ಳುತ್ತಾ ಕೆರೆದರು. ಮೊದಲು ಐದು ಕಾಣಿಸಿತು, ಆಮೇಲೆ ಸೊನ್ನೆ.

"ಬೇರೆ ಗಾಡಿದು ತಂದಿಟ್ಟಿದ್ರೆ?" ಎಂದರು, ಸೋಲೊಪ್ಪದೆ.

"ನಿಮ್ಮ ಆರ್‌ಸಿ ತೆಗೀರಿ. ಎಂಜಿನ್ ನಂಬರು ಬ್ಲಾಕಿನ ಮೇಲೆ ಕೊರೆದಿರ್ತಾರೆ. ಓದಿ ನೋಡ್ರಿ. ಬ್ಲಾಕು ಹಳೇದೇ ಆದ್ರೆ ಒಳಗಿದ್ದದ್ದೂ ದಪ್ಪ ಪಿಸ್ಟನ್ನೇ."

ಬೆನಕಪ್ಪ ಕನ್ನಡಕ ಏರಿಸಿ ಒಂದೊಂದೇ ಅಂಕಿ ಹೋಲಿಸಿದರು. ಎಲ್ಲ ಒಂದೇ. ಹದಿಮೂರು ವರ್ಷದ ಹಿಂದೆ ಕಾರು ಕೊಂಡಾಗಿನ ಬ್ಲಾಕೇ ಅಲ್ಲಿತ್ತು. ಹೊಸ ಬ್ಲಾಕು ಯಾವತ್ತೂ ಬಂದೇ ಇರಲಿಲ್ಲ. ಅವರು ಕನ್ನಡಕ ತೆಗೆದು ತಟ್ಟೆಯತ್ತ ತಿರುಗಿದರು.

"ಈ ಮೂರನ್ನ ಯಾಕೆ ತೊಳೆದಿರಲಿಲ್ಲ?"

"ಬೇರೆಯವರು ಬಿಚ್ಚಿದ ಕೂಡ್ಲೆ ನಾಕನ್ನೂ ತೊಳೆದು ಇಡ್ತಾರ್ರಿ. ನಾನು ಅಂಕಿ ನೋಡಾಕೆ ಒಂದು ತೊಳೆದು, ಮಿಕ್ಕಿದ್ದು ಗಿರಾಕಿ ಬರೋವರೆಗೂ ಹಂಗೇ ಇಡ್ತೀನಿ. ನನ್ನ ಮಾತು ಯಾರೂ ನಂಬಲ್ಲ, ಮಸಿ ನಂಬ್ತಾರೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೆನಕಪ್ಪನವರಿಗೆ ನಾಚಿಕೆಯಾದದ್ದು ಅದಕ್ಕೇ.

ಅಷ್ಟರಲ್ಲಿ ಮಲ್ಲಿಕಾರ್ಜುನಪ್ಪ ಟ್ರ್ಯಾಕ್ಟರು, ಹಗ್ಗ ಸಮೇತ ಬಂದಿಳಿದ. "ಏನು ಕದ್ದನಂತೆ ಇವನು?"

ತಂಗಿಯ ಮನೆಯ ಮರ್ಯಾದೆ ಬೆನಕಪ್ಪನವರ ನಾಲಿಗೆ ಹಿಡಿದು ಎಳೆಯಿತು. ಏನೋ ಒಂದು ಸಬೂಬು ಹೇಳಿ ಮುಗಿಸಬಹುದಿತ್ತು.

"ಇವರು ಏನೂ ಕದ್ದಿಲ್ಲ. ಸುಳ್ಳು ಹೇಳಿದ್ದು ನಮ್ಮ ಪ್ರವೀಣ. ಅನ್ನಬಾರದ್ದು ಅಂದಿದ್ದು ನಾನು. ಗಾಡಿ ಇಲ್ಲೇ ಇರ್ಲಿ, ಮಂಡೀಲೂ ನಾನೇ ಹೇಳ್ತೀನಿ."

ಮಲ್ಲಿಕಾರ್ಜುನಪ್ಪ ಹಗ್ಗ ಸುತ್ತಿಕೊಂಡು ಟ್ರ್ಯಾಕ್ಟರು ಹತ್ತಿ ಹೋದ. ಬೆನಕಪ್ಪ ಮಸಿಯಾದ ಕೈಯಿಂದ ತಟ್ಟೆಯನ್ನು ದುರುಗೇಶನತ್ತ ಸರಿಸಿದರು. "ಉಳಿದ ಎರಡನ್ನೂ ತೊಳೀರಿ. ನಾನು ನೋಡೋದೇನೂ ಇಲ್ಲ."

ದುರುಗೇಶ್ ಒಂದನ್ನು ಸೀಮೆಎಣ್ಣೆಗೆ ಇಳಿಸಿದ. ಇನ್ನೊಂದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ.

"ಇದೊಂದು ಹಿಂಗೇ ಇರ್ಲಿ ಯಜಮಾನ್ರೆ. ನಾಳೆ ನಿಮ್ಮ ಪ್ರವೀಣ್ ಬಂದು ಕೇಳಿದ್ರೆ ತೋರ್ಸಾಕೆ ಬೇಕಲ್ರಿ."

ಬೇಡ ಎನ್ನಲು ಬೆನಕಪ್ಪ ಬಾಯಿ ತೆರೆದರು. ಆದರೆ ಪ್ರವೀಣ ತಪ್ಪೊಪ್ಪಿಕೊಳ್ಳುತ್ತಾನೆಂಬ ಭರವಸೆ ಅವರಿಗೂ ಇರಲಿಲ್ಲ.